ಹೆಡ್ಡಿನ ಮೇಲಿನ ಕುಂಕುಮ

ದೇವರ ತಟ್ಟೆಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದೆ. ಹಿರಿಯೂರಿನಿಂದ ತಮ್ಮ ಫೋನು ಮಾಡಿದ. "ಅಕ್ಕಾ, ರುದ್ರಣ್ಣ ಹೋಗ್ಬಿಟ್ನಂತೆ. ನಾಳೆ ಅವನೂರು ಮಾಡದಕೆರೇಲಿ ಮಣ್ಣು." ಫೋನಿಟ್ಟ ಮೇಲೂ ನನ್ನ ಕೈ ತಿಕ್ಕುತ್ತಲೇ ಇತ್ತು. ಆ ಸರ್ ಸರ್ ಸದ್ದಿಗೆ ಎಲ್ಲಿಂದಲೋ ಸೀಮೆಎಣ್ಣೆಯ ವಾಸನೆ ಬಂದ ಹಾಗಾಯಿತು. ನಮ್ಮ ಮನೆಯಲ್ಲಿ ಸೀಮೆಎಣ್ಣೆ ಕಂಡು ಎಷ್ಟು ಕಾಲವಾಯಿತೋ.

ಎಪ್ಪತ್ತರ ದಶಕದಲ್ಲಿ ಹಿರಿಯೂರಿನ ನಮ್ಮ ಮನೆಯ ಮುಂದಿನ ಅಂಕಣವೇ ಅಪ್ಪನ ಎಂಜಿನ್ ರಿಪೇರಿ ಶೆಡ್ಡು. ಕೆಲಸಕ್ಕೆಂದು ಬಂದ ರುದ್ರಣ್ಣ ಅಪ್ಪನ ಜೊತೆ ದುಡಿದು, ನಮ್ಮ ಜೊತೆ ಉಂಡು, ಅಲ್ಲೇ ಮಲಗುತ್ತಿದ್ದ. ಎಂಜಿನ್ನಿನ ಮೇಲುಮುಚ್ಚಳಗಳಾದ ಸಿಲಿಂಡರ್ ಹೆಡ್ಡುಗಳು ಕಾದು ಸೊಟ್ಟಗಾಗಿ ಬರುತ್ತಿದ್ದವು. ದಪ್ಪ ಗಾಜಿನ ಮೇಲೆ ಉಜ್ಜುಕಾಗದ ಹಾಸಿ, ಸೀಮೆಎಣ್ಣೆ ಚಿಮುಕಿಸಿ, ಹೆಡ್ಡನ್ನು ಬೋರಲಿಟ್ಟು, ಇಬ್ಬರೂ ಎದುರುಬದುರು ಕೂತು ರಾಗಿ ಬೀಸುವ ಹಾಗೆ ತಿರುಗಿಸುತ್ತಿದ್ದರು. ಆಮೇಲೆ ಗಾಜಿಗೆ ನೀಲಿ ಬಣ್ಣ ಬಳಿದು ಅದರ ಮೇಲೆ ಹೆಡ್ಡು ಇಟ್ಟು ಎತ್ತಿದರೆ, ಹೆಡ್ಡಿನ ಮುಖದ ತುಂಬ ನೀಲಿ ಹತ್ತಬೇಕು. ಹತ್ತದೆ ಉಳಿದ ಕಡೆ ತಗ್ಗು. ಅಲ್ಲಿ ಹೆಡ್ಡಿನಡಿಯ ತೆಳು ಹಾಳೆ, ಗ್ಯಾಸ್ಕೆಟ್, ಬಿಗಿಯಾಗಿ ಕೂರುವುದಿಲ್ಲ, ನೀರು ಸೋರುತ್ತದೆ. ಅವರ ಕೈಯ ನೀಲಿ ನಮ್ಮ ನೀರಿನ ಚೊಂಬಿಗೂ ಹತ್ತಿರುತ್ತಿತ್ತು.

ಒಂದು ಆಯುಧಪೂಜೆಯ ಬೆಳಿಗ್ಗೆ ಹೊಸದುರ್ಗದ ಬಸ್ಸಿನ ಹೆಡ್ಡು ಉಜ್ಜಿ ಮುಗಿದಿತ್ತು. ಅಜ್ಜಿ ಸುತ್ತಿಗೆ, ಸ್ಪ್ಯಾನರುಗಳಿಗೆಲ್ಲ ಗಂಧ ಕುಂಕುಮ ಇಡುತ್ತ ಬಂದವಳು, ಆ ನುಣುಪಾದ ಮುಖಕ್ಕೂ ಧಾರಾಳವಾಗಿ ಇಟ್ಟಳು. ಹಬ್ಬ ಕಳೆದ ಮೇಲೆ ರುದ್ರಣ್ಣ ಅದನ್ನು ಬಸ್ಸಿಗೆ ಕೂರಿಸಿದ. ಬಸ್ಸು ಹೊಸದುರ್ಗ ಮುಟ್ಟಲಿಲ್ಲ. ಗ್ಯಾಸ್ಕೆಟ್ ಹೊಡೆದು, ಬುಸಬುಸ ಆವಿ ಬಿಡುತ್ತ ದಾರಿಯಲ್ಲೇ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಬಿಚ್ಚಿ ನೋಡಿದರೆ ಹೆಡ್ಡಿಗೂ ಗ್ಯಾಸ್ಕೆಟ್ಟಿಗೂ ನಡುವೆ ಒಣಗಿದ ಗಂಧ ಚಕ್ಕೆಗಟ್ಟಿ ಕೂತಿತ್ತು.

"ಒರೆಸ್ದೇ ಕೂರಿಸಿದೇನಲೇ?" ಅಂದ ಅಪ್ಪ.

"ಕೈಯಾಗೆ ಮೆಲ್ಲಗೆ ಒರೆಸ್ದೆ ಅಣ್ಣ. ದೇವರ ಕುಂಕುಮ ಐತೆ, ಸೀಮೆಎಣ್ಣೆ ಬಟ್ಟೆ ಹೆಂಗ್ ಹಾಕ್ಲಿ?"

"ಹಂಗಾರೆ ಆ ದೇವ್ರನ್ನೇ ಕರ್ಕಂಡೋಗಿ ಬಸ್ಸು ತಳ್ಳಿಸು!"

ಮುದ್ದೆ ಕಟ್ಟುತ್ತಿದ್ದ ಅಜ್ಜಿ ಒಳಗಿನಿಂದ ಕೂಗಿದಳು. "ಇಟ್ಟೋಳು ನಾನು, ನನ್ನ ಬಯ್ಯೋ. ಉಣ್ಣೋ ಹೊತ್ನಾಗೆ ಅವನ್ನ ಯಾಕಂತೀಯ?"

"ಅವನು ಇನ್ನ ಈ ಮನೇಲಿ ಉಣ್ಣಂಗಿಲ್ಲ."

ರುದ್ರಣ್ಣ ಕೈ ತೊಳೆದುಕೊಂಡು, ಬಟ್ಟೆಯ ಚೀಲ ಹಿಡಿದು ಹೊರಟೇಬಿಟ್ಟ. ಅಪ್ಪ ಕರೆಯಲಿಲ್ಲ. ಆಮೇಲೆ ಒಬ್ಬನೇ ಕೂತು ಉಜ್ಜುತ್ತಿದ್ದ, ಸದ್ದು ತಡೆತಡೆದು ಬರುತ್ತಿತ್ತು. ತಪ್ಪು ಯಾರದೆಂದು ನನಗೆ ಇವತ್ತಿಗೂ ತಿಳಿಯದು. ಭಕ್ತಿಯಿಂದ ಇಟ್ಟವಳದೋ, ಭಕ್ತಿಯಿಂದಲೇ ಒರೆಸದವನದೋ? ಬಸ್ಸು ತುಂಬ ಜನ ಇದ್ದರು ಎಂದು ನಡುಗಿದ ಅಪ್ಪನನ್ನು ತಪ್ಪೆನ್ನಲೂ ಬಾಯಿ ಬರುವುದಿಲ್ಲ. ನನ್ನ ಮದುವೆಗೆ ರುದ್ರಣ್ಣ ಬಂದ. ಅಪ್ಪನ ಪಕ್ಕದ ಎಲೆಗೇ ಕೂತು ಉಂಡ. ಇಬ್ಬರೂ ಮಾತಾಡಲಿಲ್ಲ. ಅಷ್ಟಾದರೂ ಆಯಿತಲ್ಲ. ಈಗ ಅಜ್ಜಿ ಇಲ್ಲ, ಅಪ್ಪ ಇಲ್ಲ, ಆ ಮನೆ ಇದ್ದಲ್ಲಿ ರಸ್ತೆ ಅಗಲವಾಗಿದೆ.

ಯಜಮಾನರು ಬಂದು ಕೇಳಿದರು. "ನಿಂಗೇನಾಗ್ಬೇಕು ಅವ್ನು? ಸೂತಕ ಗೀತಕ ಏನಾದ್ರೂ ಐತಾ?"

ತಿಕ್ಕಿದ ತಟ್ಟೆ ಅಲ್ಲೇ ಬಿಟ್ಟು ಎದ್ದೆ. ಬಚ್ಚಲಿಗೆ ಹೋಗಿ ಹಂಡೆಗೆ ನೀರು ತುಂಬಿ, ತಲೆಸ್ನಾನಕ್ಕೆ ಒಲೆ ಹಚ್ಚಿದೆ.