ಕಾಫಿಬಂಡೆ

ಸ್ವೀಡನ್ನಿನ ನಾರ್‌ಶೋಪಿಂಗ್ ಪಟ್ಟಣದ ಆಚೆಯ ಹಳ್ಳಿಯೊಂದರಲ್ಲಿ ಗೆಳತಿ ಸಹನಾ ಹೊಲ, ಬಂಡೆಗಳ ಹಳೆಯ ಹೆಸರುಗಳನ್ನು ನಕ್ಷೆಗಾಗಿ ದಾಖಲಿಸುತ್ತಿದ್ದಾಳೆ. ಇಂದು ನಾನೂ ಜೊತೆಗೆ ಹೋಗಿದ್ದೆ. ಹುಲ್ಲು ಕೊಯ್ಯುವವರು ಕೂತು ಕಾಫಿ ಕುಡಿಯುತ್ತಿದ್ದ ‘ಕಾಫಿಬಂಡೆ’ಯನ್ನು ಬಲ್ಲವರು ಈಗ ಊರಿನಲ್ಲಿ ಇಂಗ್ರಿಡ್ ಅಜ್ಜಿಯೊಬ್ಬರೇ. ಸುತ್ತಲಿನ ಕಾಡು ಕಡಿದಿದ್ದರಿಂದ, ತೋರಿಸಲು ನಮ್ಮೊಂದಿಗೆ ಬಂದ ಅವರಿಗೂ ಗುರುತು ಸಿಗಲಿಲ್ಲ. ಜಾಗ ಸಿಗದಿದ್ದರೆ ಹೆಸರು ನಕ್ಷೆಗೆ ಸೇರುವುದಿಲ್ಲ. ಅಜ್ಜಿಯ ಮುಖ ಸಣ್ಣದಾಯಿತು.

“ಮೊದಲು ಫಿಕಾ ಮಾಡೋಣ,” ಎಂದು, ಇಲ್ಲಿಯವರು ಕಾಫಿ ವಿರಾಮಕ್ಕೆ ಹೇಳುವ ಮಾತನ್ನೇ ಬಳಸಿ, ಸಹನಾ ಫ್ಲಾಸ್ಕ್ ತೆರೆದಳು. ಹತ್ತಿರದ ಬಂಡೆಯ ಮೇಲೆ ಕೂತ ಅಜ್ಜಿ ತಕ್ಷಣ ಎದ್ದರು. ಅವರ ಸ್ವೀಡಿಷ್ ಮಾತನ್ನು ಸಹನಾ ನನಗೆ ಕನ್ನಡದಲ್ಲಿ ಹೇಳಿದಳು: “ಇಲ್ಲಿ ಗಾಳಿಗೆ ಕಾಫಿ ಆರಿಹೋಗುತ್ತೆ. ನಮ್ಮಮ್ಮ ಇಲ್ಲಿ ಕೂರ್ತಾನೇ ಇರ್ಲಿಲ್ಲ.”

ಕಪ್ ಹಿಡಿದೇ ಗಾಳಿ ತಾಗದ ತಗ್ಗಿಗೆ ಇಳಿದ ಅಜ್ಜಿ ಅಲ್ಲೊಂದು ಚಪ್ಪಟೆ ಬಂಡೆಯ ಮೇಲೆ ಕೂತು ನಿಟ್ಟುಸಿರುಬಿಟ್ಟರು. “ಇದೇ.” ಸಹನಾ ಫೋನಿನಲ್ಲಿ ಜಾಗ ಗುರುತಿಸಿದಳು. ಅಜ್ಜಿ ಪಕ್ಕಕ್ಕೆ ಸರಿದು ನನ್ನನ್ನು ಕರೆದರು. “ಫೋನ್ ಅದರ ಪಾಡಿಗಿರ್ಲಿ. ನೀನು ಕೂತು ನೆನಪಿಟ್ಕೊ.”

ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆದರೂ ಕೂತೆ. ಬಂಡೆ ತಣ್ಣಗಿತ್ತು, ಕಾಫಿ ಬಿಸಿಯಾಗಿಯೇ ಇತ್ತು.