ಆ ಕಥೆಯ ಹೆಂಗಸು ನಾನಲ್ಲ

ಸುಳ್ಳು ಬರೆದಿದ್ದೇನೆ. ನೀವೆಲ್ಲ ಕೇಳಿ ಕಣ್ಣೊರೆಸಿಕೊಂಡ ಕಥೆಯಲ್ಲಿ, ಗೇರುಬೀಜದ ಕಾರ್ಖಾನೆಯ ಗೇಟಿನಲ್ಲಿ ಎಲ್ಲರೆದುರು ಸೀರೆ ಬಿಚ್ಚಬೇಕಾಗಿ ಬಂದ ಹೆಂಗಸು ನಾನಲ್ಲ. ಬಿಚ್ಚಿಸಿದವಳು ನಾನು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟರೆ ಅಲ್ಲಿಯವರೆಗೂ ನೀವು ನನ್ನನ್ನು ಪಾಪ ಎಂದುಕೊಂಡೇ ಓದುತ್ತೀರಿ. ಆ ಪಾಪ ನನಗೆ ಸಾಕಾಗಿದೆ.

ನನ್ನ ಹೆಸರು ಕಮಲ. ಶಾಲೆ ಎರಡನೇ ಕ್ಲಾಸಿಗೆ ಮುಗಿದಿತ್ತು. ಅಕ್ಷರ ಕೂಡಿಸಿ ಬರೆಯಲು ಕಲಿತದ್ದು ಮುದುಕಿಯಾದ ಮೇಲೆ, ಅತ್ತಾವರದಲ್ಲಿ ಶೈಲಾ ಟೀಚರು ಸಂಜೆ ಹೊತ್ತು ನಡೆಸುವ ಕ್ಲಾಸಿನಲ್ಲಿ. ಒತ್ತಕ್ಷರ ಈಗಲೂ ತಪ್ಪುತ್ತದೆ, ಅವರೇ ತಿದ್ದುತ್ತಾರೆ. ಇದನ್ನು ತಿದ್ದುವಾಗ ಅವರಿಗೂ ಗೊತ್ತಾಗುತ್ತದೆ. ಆಗಲಿ.

ಆ ಕ್ಲಾಸಿಗೆ ಒಂದು ದಿನ ಝೊಹರಾ ಬಂದಳು. ಪಂಪ್‌ವೆಲ್ ಹತ್ತಿರ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸದ ಹುಡುಗಿ. ಅಂಗಡಿ ಮುಚ್ಚುವಾಗ ಹುಡುಗಿಯರನ್ನೆಲ್ಲ ಹಿಂದಿನ ಕೋಣೆಗೆ ಕರೆದು ಮೈ ತಡವಿ ನೋಡುತ್ತಾರಂತೆ, ಬಟ್ಟೆ ಅಡಗಿಸಿದ್ದಾರೋ ಎಂದು. ಬುರ್ಖಾ ತೆಗೆಸುತ್ತಾರಂತೆ. ಹೇಳುವಾಗ ಅವಳು ನೆಲವನ್ನೇ ನೋಡುತ್ತಿದ್ದಳು. ಶೈಲಾ ಟೀಚರು, ದೂರು ಕೊಟ್ಟರೆ ಅದು ಫೈಲಿನಲ್ಲಿ ಮಲಗುತ್ತದೆ, ಕಥೆಯ ಹಾಗೆ ಬರೆದು ಊರೆಲ್ಲ ಓದಿದರೆ ಜನ ಕೇಳುತ್ತಾರೆ ಎಂದರು. ಮತ್ತೆ ನನ್ನ ಕಡೆ ತಿರುಗಿ, "ಕಮಲಕ್ಕ, ನೀವು ಬೀಜದ ಕಾರ್ಖಾನೆಯಲ್ಲಿ ಇದ್ದವರಲ್ವಾ? ಅಲ್ಲಿಯೂ ಇದು ಇತ್ತಲ್ಲ?" ಎಂದು ಕೇಳಿದರು.

ಇತ್ತು ಎಂದೆ. ಗೇಟಿನ ಯಾವ ಬದಿ ನಿಂತಿದ್ದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಅಲ್ಲಿ ನಡೆದದ್ದು ಹೀಗೆ. ನಾನೂ ಅವಳೂ — ಅವಳ ಹೆಸರು ಬರೆಯುವುದಿಲ್ಲ — ಬೋಳಾರದವರು, ಒಟ್ಟಿಗೆ ಕೆಲಸಕ್ಕೆ ಸೇರಿದವರು, ಅಕ್ಕಪಕ್ಕ ಕುಳಿತು ಬೀಜ ಒಡೆದವರು. ಬೀಜದ ಸಿಪ್ಪೆಯ ಎಣ್ಣೆ ಬೆರಳನ್ನು ಸುಡುತ್ತದೆ. ಬೂದಿ ಎಷ್ಟು ಹಚ್ಚಿಕೊಂಡರೂ ಕೈ ಕಪ್ಪಾಗಿ ಚರ್ಮ ಏಳುತ್ತದೆ. ಮದುವೆಮನೆಯಲ್ಲಿ ಊಟಕ್ಕೆ ಕುಳಿತರೆ ಎಲೆಗೆ ಕೈ ಚಾಚಲು ನಾಚಿಕೆ. ನನ್ನ ಬಾಯಿ ಜೋರು ಎಂದು ಮೇಸ್ತ್ರಿ ನನ್ನನ್ನು ಗೇಟಿಗೆ ಹಾಕಿದ, ಸಂಜೆ ಹೊರಗೆ ಹೋಗುವ ಹೆಂಗಸರು ಬೀಜ ಅಡಗಿಸಿದ್ದಾರೋ ಎಂದು ನೋಡುವ ಕೆಲಸಕ್ಕೆ. ಸೊಂಟ, ಕುಪ್ಪಸ, ತುರುಬು, ಬುತ್ತಿಯ ಪಾತ್ರೆ. ಕೆಲವೇ ತಿಂಗಳಲ್ಲಿ ನನ್ನ ಕೈ ಬೆಳ್ಳಗಾಯಿತು.

ಗೆಳತಿಯರನ್ನು ನಾನು ಸುಮ್ಮನೆ ಬಿಡುತ್ತೇನೆ ಎಂದು ಯಾರೋ ಮೇಸ್ತ್ರಿಗೆ ಹೇಳಿದ್ದರು. ಅದಕ್ಕೆ ಆ ಸಂಜೆ ಮೇಸ್ತ್ರಿ ಗೇಟಿನ ಹತ್ತಿರ ಬಂದು ನಿಂತ. ಅವಳ ಸರದಿ ಬಂತು. ಸೊಂಟದ ಕೆಳಗೆ ದಪ್ಪಗೆ ಕೈಗೆ ಸಿಕ್ಕಿತು. ಅವಳು ನನ್ನ ಮುಖ ನೋಡಿದಳು. ಬಾಯಿ ತೆರೆಯಲಿಲ್ಲ, ತೆರೆಯುವ ಅಗತ್ಯ ಇಲ್ಲ ಎಂದುಕೊಂಡಿರಬೇಕು.

"ಎಂತ ಉಂಟು ಅಲ್ಲಿ? ತೆಗೆದು ತೋರಿಸು," ಎಂದೆ.

ಅಲ್ಲಿ ಎಂತ ಉಂಟೆಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಬರುವ ದಾರಿಯಲ್ಲಿ ಅವಳಿಗೆ ಮುಟ್ಟಾಯಿತು. ವಾಪಸು ನನ್ನ ಮನೆಗೆ ಓಡಿ, ಹಳೆ ಸೀರೆ ಹರಿದು ಬಟ್ಟೆ ಕೊಟ್ಟವಳು ನಾನೇ.

ಇದು — ಇದನ್ನು ನಾನು ನಿನ್ನೆಯವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಗಂಡನಿಗೂ ಹೇಳಲಿಲ್ಲ, ಅವರು ತೀರಿಹೋದರು. ಮೇಸ್ತ್ರಿ ನೋಡುತ್ತಿದ್ದ, ಬಿಟ್ಟರೆ ನನ್ನನ್ನು ಮತ್ತೆ ಬೀಜ ಒಡೆಯಲು ಕೂರಿಸುತ್ತಿದ್ದ ಎನ್ನಬಹುದು. ಕೂರಿಸುತ್ತಿದ್ದ, ಅಷ್ಟೇ. ಉಳಿದ ಹೆಂಗಸರೆಲ್ಲ ಅಲ್ಲಿಯೇ ಕೂತಿರಲಿಲ್ಲವೇ?

ಅವಳು ತೆಗೆದು ತೋರಿಸಿದಳು. ಸಾಲಿನಲ್ಲಿದ್ದ ಹೆಂಗಸರು ನೋಡಿದರು, ಮೇಸ್ತ್ರಿಯೂ ನೋಡಿದ. ಯಾರೋ ನಕ್ಕರು. ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ. ಯಾರ್ಯಾರದೋ ಮನೆಯ ಪಾತ್ರೆ ತೊಳೆದು ಮಕ್ಕಳನ್ನು ಸಾಕಿದಳು. ದಾರಿಯಲ್ಲಿ ನನ್ನನ್ನು ಕಂಡರೆ ಓಣಿಗೆ ತಿರುಗುತ್ತಿದ್ದಳು. ನಾನು ಕಾರ್ಖಾನೆ ಮುಚ್ಚುವವರೆಗೂ ಅದೇ ಗೇಟಿನಲ್ಲಿದ್ದೆ.

ಬರೆಯಲು ಕುಳಿತಾಗ ಸುಳ್ಳು ಬರೆಯಬೇಕೆಂದು ಇರಲಿಲ್ಲ. "ನಾನು ಗೇಟಿನ ಹತ್ತಿರ ಬಂದೆ" ಎಂದು ಸುರು ಮಾಡಿದೆ. ಆಮೇಲೆ ಪೆನ್ಸಿಲು ಅವಳ ಕಡೆಗೆ ಹೋಯಿತು. ಸೀರೆಯ ನೆರಿಗೆ ಬೆರಳಿಗೆ ಸಿಗದೆ ಅವಳು ತಡಕಾಡಿದ್ದು, ಸಾಲಿನಲ್ಲಿ ಯಾರೋ ನಕ್ಕದ್ದು, ಎಲ್ಲ ಸಲೀಸಾಗಿ ಬಂತು. ಎದುರಿಗೆ ನಿಂತು ನೋಡಿದವಳಿಗೆ ಬಾರದೆ ಇರುತ್ತದೆಯೇ. ಕೊನೆಗೆ ಗೇಟಿನವಳು ಏನು ಮಾಡಿದಳು ಎಂದು ಬರೆಯಬೇಕಿತ್ತು. ಅವಳು ಮುಖ ತಿರುಗಿಸಿ ಅತ್ತಳು ಎಂದು ಬರೆದೆ. ಟೀಚರು ಅದನ್ನೇ ಎರಡು ಸಲ ಓದಿಸಿ, ತುಂಬಾ ಒಳ್ಳೆಯದಾಗಿದೆ ಎಂದರು.

ಅಲ್ಲಿಂದ ನನಗೆ ಹೊರಗೆ ಬರಲಾಗಲಿಲ್ಲ. ಝೊಹರಾ ಕಥೆಯನ್ನು ಬಾಯಿಪಾಠ ಮಾಡಿ ಬೇರೆ ಅಂಗಡಿಯ ಹುಡುಗಿಯರಿಗೆ ಹೇಳಿದಳು. ಕಾಲೇಜುಗಳಲ್ಲಿ ಓದಿದರು, ಪುಸ್ತಕದಲ್ಲಿ ಹಾಕಿದರು. ಹೋದಲ್ಲೆಲ್ಲ ನನ್ನನ್ನು ಮುಂದೆ ಕುರ್ಚಿಯಲ್ಲಿ ಕೂರಿಸುತ್ತಾರೆ, ಹುಡುಗಿಯರು ಬಂದು ಕೈ ಹಿಡಿದು ಅಳುತ್ತಾರೆ. ಒಮ್ಮೆ ಝೊಹರಾ, "ಅಜ್ಜಿ, ನಿಮ್ಮನ್ನು ನೋಡಿದ ಮೇಲೆ ನನಗೆ ಹೆದರಿಕೆ ಹೋಯ್ತು," ಎಂದಳು. ಈಗ ಅಂಗಡಿಯವರು ಈ ಭಾನುವಾರ ಹುಡುಗಿಯರ ಜೊತೆ ಮಾತಿಗೆ ಬರುತ್ತೇವೆ ಎಂದಿದ್ದಾರೆ. ಕಥೆ ಇಲ್ಲದಿದ್ದರೆ ಬರುತ್ತಿರಲಿಲ್ಲ. ನಾನು ನಿಜ ಹೇಳಿದರೆ, ನಿಮ್ಮ ಅಜ್ಜಿಯದೇ ಸುಳ್ಳು, ನಿಮ್ಮದೂ ಸುಳ್ಳು ಎಂದು ಎದ್ದು ಹೋದಾರು. ಹೇಳದಿದ್ದರೆ ಅವಳ ಕುರ್ಚಿಯಲ್ಲಿ ನಾನು ಕೂತಿರಬೇಕು, ಸಾಯುವವರೆಗೆ.

ಮೊನ್ನೆ ಅವಳ ಮನೆಗೆ ಹೋದೆ. ಅಂಗಳದಲ್ಲಿ ಕೂತು ಬಂಗುಡೆ ಮೀನು ಕೊಯ್ಯುತ್ತಿದ್ದಳು. ಕೂತುಕೋ ಎನ್ನಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು:

"ನಿನ್ನ ಕಥೆ ಪಕ್ಕದ ಮನೆಯವರು ಓದಿ ಹೇಳಿದ್ರು. ಚೆಂದ ಬರ್ದಿದ್ದಿ ಮಾರಾಯ್ತಿ. ನಿನಗೇ ಆದ ಹಾಗೆ."

ತಪ್ಪಾಯಿತು ಎಂದೆ.

"ಅದನ್ನು ಇಟ್ಕೊಂಡು ನಾನು ಎಂತ ಮಾಡುದು?" ಮೀನಿನ ತಲೆ ಬೇರೆ ಮಾಡಿ ಬೆಕ್ಕಿಗೆ ಎಸೆದಳು. "ಗೇಟಿನವಳು ಅತ್ತಳು ಅಂತ ಉಂಟಂತಲ್ಲ, ಅದನ್ನು ತೆಗಿ. ನೀನು ಅತ್ತದ್ದು ನಾನು ನೋಡ್ಲಿಲ್ಲ."

ಝೊಹರಾಳ ವಿಷಯ, ಭಾನುವಾರದ ವಿಷಯ ಎಲ್ಲ ಹೇಳಿದೆ. ಆ ಮಕ್ಕಳ ಕೆಲಸ ಹಾಳಾದರೆ ಎಂದು ಕೇಳಿದೆ. ಅವಳು ಕತ್ತಿ ಕೆಳಗಿಟ್ಟಳು.

"ಮೈ ಮುಟ್ಟಿ ನೋಡುವವಳೇ ಬಂದು ಹೌದು ಮಾಡಿದೆ ಅಂದ್ರೆ ಅದು ಸುಳ್ಳು ಹೇಗಾಗ್ತದೆ? ನನ್ನ ಹೆಸರು ಬೇಡ. ನಿನ್ನದು ಹೇಳು."

ಮತ್ತೆ ಮೀನಿಗೆ ಕೈ ಹಾಕಿದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ, ಬಂದೆ.

ಝೊಹರಾಳಿಗೆ ನಿನ್ನೆ ಹೇಳಿದೆ. ನನ್ನ ಕೈ ಹಿಡಿದಿದ್ದಳು, ಬಿಟ್ಟಳು. ಹೋಗುವಾಗ, ಭಾನುವಾರ ಕಥೆಯನ್ನು ನೀವೇ ಓದಬೇಕು, ನಾನು ಓದುವುದಿಲ್ಲ ಎಂದಳು. ಅಜ್ಜಿ ಎನ್ನಲಿಲ್ಲ.

ಓದುತ್ತೇನೆ. ಅಂಗಡಿಯವರ ಎದುರು, ಅಲ್ಲಿ ಮೈ ತಡವುವ ಹೆಂಗಸೂ ಬಂದಿದ್ದರೆ ಅವಳ ಎದುರು. ಕಥೆಯಲ್ಲಿ "ನಾನು" ಎಂದಿದ್ದಲ್ಲೆಲ್ಲ "ಅವಳು" ಎಂದು ತಿದ್ದಿ, ಕೊನೆ ಹೊಡೆದುಹಾಕಿ ಹೀಗೆ ಬರೆದಿದ್ದೇನೆ:

ಕಮಲ ಅಳಲಿಲ್ಲ. ಮುಖವನ್ನೂ ತಿರುಗಿಸಲಿಲ್ಲ. ಬಟ್ಟೆಯನ್ನು ಪೂರ್ತಿ ನೋಡಿ, ಹೋಗು ಎಂದು ಹೇಳಿ, ಹಿಂದೆ ನಿಂತಿದ್ದವಳನ್ನು ಕರೆದಳು.