ಅರಿವೆ ಕೇಳಲು ಹೊರಟ ನರ್ಸಬಾಯಿ

ನರ್ಸಬಾಯಿಯವರ ಬಿಳಿ ಸೀರೆಯ ಅಂಚಿನಲ್ಲಿ, ಬಲಗಾಲಿನ ಬದಿಗೆ, ಒಂದು ಗೇಣುದ್ದದ ಕರಿ ಗೆರೆ ಸದಾ ಇರುತ್ತಿತ್ತು. ಸೈಕಲ್ ಚೈನಿನ ಎಣ್ಣೆ ಎಳೆದ ಗೆರೆ ಅದು. ಸೋಡಾ ಹಾಕಿ ಕುದಿಸಿದರೂ, ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಪೂರ್ತಿ ಹೋಗುತ್ತಿರಲಿಲ್ಲ. ಅದೊಂದನ್ನು ಬಿಟ್ಟರೆ ಅವರಷ್ಟು ಸ್ವಚ್ಛವಾದ ಮನುಷ್ಯರನ್ನು ನಾನು ದಾಂಡೇಲಿಯಲ್ಲಿ ಕಂಡಿರಲಿಲ್ಲ. ಉಗುರುಗಳನ್ನು ಬುಡಮಟ ಕತ್ತರಿಸಿಕೊಂಡಿರುತ್ತಿದ್ದರು. ಎಳೆಗೂಸನ್ನು ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ, ಬಿಸಿಯುಸಿರು ಊದಿಕೊಂಡು, ತಮ್ಮ ಕೆನ್ನೆಗೇ ಒತ್ತಿ ನೋಡಿಕೊಂಡು, ಆಮೇಲೆ ಮುಟ್ಟುತ್ತಿದ್ದರು.

ಧಾರವಾಡದ ಕಡೆಯವರು. ಮದುವೆಯಾಗಿರಲಿಲ್ಲ. ದವಾಖಾನೆಯ ಹಿಂದಿನ ಒಂದೇ ಖೋಲಿಯಲ್ಲಿ ಇರುತ್ತಿದ್ದರು. ಆಗ ಅವರಿಗೆ ನಲವತ್ತು ದಾಟಿರಬೇಕು. ಜೋಯಿಡಾ ಕಡೆಯ ಕಾಡಿನೊಳಗಿನ ವಾಡೆಗಳಿಗೆ, ಅಂದರೆ ನಾಲ್ಕೆಂಟು ಮನೆಗಳ ಕೇರಿಗಳಿಗೆ, ಬಾಣಂತಿಯರನ್ನು ನೋಡಲು ಒಬ್ಬರೇ ಸೈಕಲ್ ಮೇಲೆ ಹೋಗುತ್ತಿದ್ದರು. ಕಾಡಿನ ಹಾದಿ ಹಿಡಿದರೆ ಸಾಕು, ಬೆಲ್ ಬಾರಿಸುತ್ತಲೇ ಇರುವುದು ಅವರ ರೂಢಿ. ಕರಡಿಗೆ ಹೆದರಿಯೇ ಎಂದು ಯಾರೋ ಕೇಳಿದ್ದಕ್ಕೆ, ಅದು ಅವುಗಳ ಮನೆ, ಒಳಗೆ ಬರುವವರು ಕೂಗಿ ಹೇಳಿ ಬರಬೇಕಲ್ಲವೇ ಅಂದಿದ್ದರಂತೆ. ಯಾರ ಮನೆಗೆ ಹೋದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: "ರಾತ್ರಿ ನಿದ್ದಿ ಹತ್ತಿತೇನು?" ಆ ಉತ್ತರದ ಮೇಲೆಯೇ ಅರ್ಧ ರೋಗ ಗೊತ್ತಾಗುತ್ತದೆ ಅನ್ನುವುದು ಅವರ ನಂಬಿಕೆ.

ನನ್ನನ್ನು ಕೂಡ ಅವರು ಮೊದಲು ಕೇಳಿದ್ದು ಇದನ್ನೇ. ಎಂಬತ್ತರ ದಶಕದ ಮೊದಲ ವರ್ಷಗಳು. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎರಡು ಸಲ ನಪಾಸಾಗಿ ನಾನು ಮನೆ ಹಿಡಿದು ಕೂತಿದ್ದೆ. ಅಪ್ಪ ಕಾಗದದ ಗಿರಣಿಯಲ್ಲಿ ಪಾಳಿ ಕೆಲಸದವನು. ಸಾಲುಮನೆಗಳ ಆ ವಸತಿಯಲ್ಲಿ ಯಾರು ಪಾಸು, ಯಾರು ನಪಾಸು ಎನ್ನುವುದು ಎಲ್ಲರಿಗೂ ಬಾಯಿಪಾಠ. ನಳದ ಹತ್ತಿರ ಯಾರೂ ಇಲ್ಲದ ಹೊತ್ತು ನೋಡಿ ನೀರಿಗೆ ಹೋಗುತ್ತಿದ್ದೆ. ಅವ್ವನ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಲು ಬಂದ ಬಾಯಿಯವರು, ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ಕರೆದು ನಿದ್ದೆಯ ಮಾತು ಕೇಳಿದರು. ಇಲ್ಲ ಅಂದೆ. ಸೈಕಲ್ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಅಂದೆ. ಮರುದಿನದಿಂದ ದವಾಖಾನೆಗೆ ಬಂದು ಕೂಸುಗಳ ಕಾರ್ಡು ಬರೆದುಕೊಡು ಎಂದು ಹೇಳಿ ಹೋದರು. ಅಲ್ಲಿಯೇ ನನಗೆ, ನನ್ನಂತೆ ಕೈನೆರವಿಗೆ ಬರುತ್ತಿದ್ದ ಜುಬೇದಾ, ಕುಸುಮಾ ಗೆಳತಿಯರಾದದ್ದು. ಜುಬೇದಾ ಟೇಲರನ ಮಗಳು; ಕುಸುಮಾ ನನ್ನ ಹಾಗೆಯೇ ಗಿರಣಿ ಕೆಲಸಗಾರನ ಮಗಳು, ಆದರೆ ಪಾಸಾದವಳು.

ಆ ವರ್ಷ ದೀಪಾವಳಿ ಕಳೆದು ಚಳಿ ಶುರುವಾದಾಗ ಬಾಯಿಯವರು ಒಂದು ದಿನ ಅಣಶಿ ಕಡೆಯಿಂದ ಮರಳಿ ಬಂದು ಕೂತರು. ಚಹಾ ಕೊಟ್ಟರೆ ಕುಡಿಯಲಿಲ್ಲ. ಗ್ಲಾಸು ಅತ್ತ ಸರಿಸಿ ಅಂದರು: "ದಿನ ತುಂಬದಿದ್ರೂ ಚೊಲೋನ ಹುಟ್ಟಿತ್ತು ಕೂಸು. ಅತ್ತಿತ್ತು, ಹಾಲೂ ಕುಡದಿತ್ತು. ಎರಡನೇ ದಿನ ಚಳಿ ಒಯ್ತು."

ತಮ್ಮ ಸೀರೆಯ ಸೆರಗನ್ನೇ ಹರಿದು ಸುತ್ತಿದ್ದರಂತೆ. ಸಾಲಲಿಲ್ಲ.

ಒಂದು ವಾರದ ನಂತರ ಅವರು ತಮ್ಮ ಯೋಚನೆ ಹೇಳಿದರು. ದಾಂಡೇಲಿಯಿಂದ ಹಳಿಯಾಳ, ಅಲ್ಲಿಂದ ಕಲಘಟಗಿಯ ಮೇಲೆ ಮುಂಡಗೋಡದವರೆಗೆ ಸೈಕಲ್ ಮೇಲೆ ಹೋಗುವುದು. ದಾರಿಯ ಊರುಗಳಲ್ಲಿ ಮೆತ್ತಗಿನ ಹತ್ತಿಯ ಅರಿವೆ, ಉಣ್ಣೆ, ಹೊದಿಕೆ ಕೇಳುವುದು. ತಿರುಗಿ ಬಂದು ಅವನ್ನೆಲ್ಲ ಜೋಯಿಡಾದ ವಾಡೆಗಳಿಗೆ ಮುಟ್ಟಿಸುವುದು. ದುಡ್ಡು ಯಾರ ಹತ್ತಿರವೂ ಕೇಳಬಾರದು, ಕೊಟ್ಟರೂ ಮುಟ್ಟಬಾರದು. ಬಸ್ಸಿನಲ್ಲಿ ಹೋದರೆ ಸಾಲದೇ ಎಂದು ಕುಸುಮಾ ಕೇಳಿದಳು.

"ಬಸ್ಸಿನ್ಯಾಗ ಹೋದ್ರ ಯಾರು ನೋಡ್ತಾರ? ನಾಕು ಹೆಣ್ಣುಮಕ್ಕಳು ಸೈಕಲ್ ಮ್ಯಾಲ ಬಂದ್ರ ಊರಿಗೆ ಊರ ಹೊರಗ ಬಂದು ನಿಂದರ್ತೈತಿ. ನಿಂತವರನ್ನ ಕೇಳೂಣು."

ನಮ್ಮ ಮನೆಯಲ್ಲಿ ಅಪ್ಪ ಒಪ್ಪಲಿಲ್ಲ. ಬಾಯಿಯವರೇ ಬಂದು ಹೊಸ್ತಿಲ ಮೇಲೆ ಕೂತರು. ಹೆಣ್ಣುಹುಡುಗಿಯರನ್ನು ಕಾಡಿನ ಹಾದಿಯಲ್ಲಿ ಕರೆದುಕೊಂಡು ಹೋಗುತ್ತೀರಿ, ಏನಾದರೂ ಆದರೆ ಯಾರು ಹೊಣೆ ಎಂದು ಅಪ್ಪ ಕೇಳಿದ. ಅವರು ದನಿ ಏರಿಸದೆ ಹೇಳಿದ್ದು ನನಗೆ ಇಂದಿಗೂ ನೆನಪಿದೆ: "ನಾ ಇಷ್ಟು ವರ್ಷ ಒಬ್ಬಾಕಿನ ಅಡ್ಡಾಡೇನ್ರಿ ಆ ಹಾದ್ಯಾಗ. ಈ ಸಲ ನಾಕು ಮಂದಿ ಇರ್ತೇವಿ. ಮನ್ಯಾಗ ಕೂತು ನಿಮ್ಮ ಹುಡುಗಿಗೆ ಏನಾಗೇತಿ, ಮೊದಲ ಅದನ್ನ ನೋಡ್ರಿ." ಮರುದಿನ ಮುಂಜಾನೆ ನಾನು ಎದ್ದಾಗ ಅಪ್ಪ ಅಂಗಳದಲ್ಲಿ ತನ್ನ ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಚೈನಿಗೆ ಎಣ್ಣೆ ಬಿಡುತ್ತಿದ್ದ.

ಅದು ಗಂಡಸರ ಸೈಕಲ್ಲು. ಲಂಗದ ಒಳಗೆ ಜುಬೇದಾ ಹೊಲಿದುಕೊಟ್ಟ ಪೈಜಾಮ ಹಾಕಿ, ಲಂಗವನ್ನು ಮೇಲೆ ಕಟ್ಟಿಕೊಂಡು ನಾನು ಹೊರಟೆ. ಹಳಿಯಾಳದ ಪೇಟೆಯಲ್ಲಿ ನಾವು ಇಳಿದಾಗ ಬಾಯಿಯವರು ಹೇಳಿದಂತೆಯೇ ಆಯಿತು. ಮಂದಿ ನೆರೆದರು. ಕೆಲವರು ನಕ್ಕರು; ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲಿಂದ ಯಾರೋ ಸೀಟಿ ಹೊಡೆದರು. ಬಾಯಿಯವರು ಸೀಟಿ ಬಂದ ಕಡೆಗೇ ನೇರವಾಗಿ ನಡೆದುಹೋಗಿ, ನಿಮ್ಮ ಮನೆಯಲ್ಲಿ ಹಳೆಯ ಧೋತರ ಇದ್ದರೆ ತಂದುಕೊಡಿ ಎಂದು ಕೇಳಿದರು. ಸೀಟಿ ಹೊಡೆದವರಲ್ಲಿ ಇಬ್ಬರು ನಿಜವಾಗಿಯೂ ತಂದುಕೊಟ್ಟರು.

ಒಬ್ಬ ಅರಿವೆ ಅಂಗಡಿಯವರು ಇಲಿ ಕಡಿದ, ಮುಗ್ಗಲು ಹಿಡಿದ ಗಂಟೊಂದನ್ನು ನಮ್ಮ ಮುಂದೆ ಎಸೆದರು. ಬಾಯಿಯವರು ಅದನ್ನು ಬಿಚ್ಚಿ ಒಂದೊಂದನ್ನೇ ನೋಡಿ, ಮತ್ತೆ ಅಚ್ಚುಕಟ್ಟಾಗಿ ಕಟ್ಟಿ ಅವರ ಗಾದಿಯ ಮೇಲೆ ಇಟ್ಟರು. "ಸಾವಕಾರ್ರ, ನಿಮ್ಮ ಮೊಮ್ಮಗೀಗೆ ಇದನ್ನ ಹೊದಸ್ತೀರೇನು? ಹೊದಸೂ ಹಂಗಿದ್ರ ಕೊಡ್ರಿ, ಒಯ್ತೇನಿ." ಅಂಗಡಿಯಲ್ಲಿದ್ದ ಗಿರಾಕಿಗಳು ಸಾವಕಾರರ ಕಡೆ ತಿರುಗಿ ನೋಡಿದರು. ಸಾವಕಾರರು ಒಳಗೆ ಹೋಗಿ ಅರ್ಧ ಥಾನು ಹೊಸ ಮೆತ್ತಗಿನ ಮಲ್ಲು ಬಟ್ಟೆ ತಂದಿಟ್ಟರು. ಮುಂದೆ ಎಲ್ಲ ಊರಿನಲ್ಲೂ ನಾವು ಮೂವರು ಇದೇ ಮಾತನ್ನು ಅವರ ದನಿಯಲ್ಲೇ ಹೇಳಿ ಹೇಳಿ ನಗುತ್ತಿದ್ದೆವು.

ಮೂರನೆಯ ದಿನ ಮುಂಡಗೋಡ ಸೇರುವಷ್ಟರಲ್ಲಿ ನನ್ನ ತೊಡೆ ಕಟ್ಟಿಗೆಯಾಗಿತ್ತು. ಎರಡು ಸಲ ಪಂಕ್ಚರ್ ಆಗಿತ್ತು, ಒಂದು ಸಲ ಬಿದ್ದು ಮೊಣಕೈ ತರಚಿತ್ತು. ಟಿಬೇಟಿನವರ ವಸತಿಯಲ್ಲಿ ಒಬ್ಬ ಮುದುಕಿ ನಮ್ಮನ್ನು ಬೆಂಕಿಯ ಹತ್ತಿರ ಕೂರಿಸಿಕೊಂಡಳು. ಅವಳಿಗೆ ಕನ್ನಡ ಅಷ್ಟಕ್ಕಷ್ಟೇ. ಬಾಯಿಯವರು ಎರಡೂ ಕೈಯಿಂದ ಕೂಸನ್ನು ತೂಗಿದ ಹಾಗೆ ಮಾಡಿ, ಮೈ ನಡುಗಿಸಿ ತೋರಿಸಿದರು. ಮುದುಕಿ ಎದ್ದು ಮನೆಮನೆಗೆ ಹೋಗಿ, ಸ್ವೆಟರ್ ಹೆಣೆದು ಉಳಿದ ಉಣ್ಣೆಯ ಉಂಡೆಗಳನ್ನು ಒಂದು ಚೀಲದ ತುಂಬ ತಂದಳು. ನನಗೆ ಅದನ್ನು ನೋಡಿ ಸಂತೋಷವಾಗಬೇಕಿತ್ತು. ಆದರೆ ನಾನು ಅಳುತ್ತಿದ್ದೆ. ಬಸ್ಸಿಗೆ ಹೋಗುತ್ತೇನೆ, ನನ್ನಿಂದ ಆಗುವುದಿಲ್ಲ ಅಂದೆ. ಪರೀಕ್ಷೆಯೂ ಆಗಲಿಲ್ಲ, ಇದೂ ಆಗುವುದಿಲ್ಲ ಎಂದು ಬಿಕ್ಕಿದೆ.

ಬಾಯಿಯವರು ಧೈರ್ಯದ ಮಾತು ಒಂದನ್ನೂ ಹೇಳಲಿಲ್ಲ. "ಹೋಗಿ ಬಾ ತಂಗಿ, ತಪ್ಪೇನೂ ಇಲ್ಲ. ಬಸ್ ಬರೂತನಕ ಇಷ್ಟು ಅರಿವಿ ಮಡಚಿ ಕೊಡು," ಎಂದಷ್ಟೇ ಅಂದರು. ಬಸ್ ಸ್ಟ್ಯಾಂಡಿನಲ್ಲಿ ಕೂತು ಮಡಚತೊಡಗಿದೆ. ಹಳೆಯ ಧೋತರಗಳು, ಬಾಣಂತನದ ಸೀರೆಗಳು, ಯಾರದೋ ಸತ್ತುಹೋದ ಅತ್ತೆಯ ಇಳಕಲ್ ಸೀರೆ. ಕೊಟ್ಟವರ ಮುಖಗಳು ಒಂದೊಂದಾಗಿ ನೆನಪಾದವು. ಬಸ್ಸು ಬಂತು. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಲೇ ಎಂದು ಕಂಡಕ್ಟರು ಕೇಳಿದ. ಗಂಟುಗಳನ್ನಷ್ಟೇ ಮೇಲೆ ಹಾಕಿಸಿ ದಾಂಡೇಲಿಯ ಕಡೆಗೆ ಕಳಿಸಿದೆ; ನಾನು ಹತ್ತಲಿಲ್ಲ. ಬಾಯಿಯವರು ನೋಡಿಯೂ ನೋಡದವರಂತೆ ನನ್ನ ಸೈಕಲ್ಲಿನ ಗಾಳಿ ಒತ್ತಿ ಪರೀಕ್ಷಿಸುತ್ತಿದ್ದರು.

ದಾಂಡೇಲಿಗೆ ಮರಳಿ, ಒಂದು ದಿನ ಎಲ್ಲವನ್ನೂ ಕುದಿಯುವ ನೀರಿನಲ್ಲಿ ಅದ್ದಿ ಒಗೆದು ಒಣಗಿಸಿ, ಕ್ಯಾರಿಯರಿನ ಮೇಲೆ ಗುಡ್ಡದಂತೆ ಹೇರಿಕೊಂಡು ಜೋಯಿಡಾ ಹಾದಿ ಹಿಡಿದೆವು. ಆಗ ಸೂಪಾ ಆಣೆಕಟ್ಟಿನ ಕೆಲಸದ ಕಾಲ. ಗಣೇಶಗುಡಿಯ ಏರಿನಲ್ಲಿ ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಆ ಏರಿನಲ್ಲಿ ಸೈಕಲ್ ತಳ್ಳಿಕೊಂಡೇ ಹೋದೆವು. ಆದರೂ ನಾನು ಹಾಡು ಹೇಳುತ್ತಿದ್ದೆ. ಜಗತ್ತಿನಲ್ಲಿ ನಮ್ಮಷ್ಟು ಒಳ್ಳೆಯವರು ಯಾರೂ ಇಲ್ಲ ಅನ್ನಿಸಿಬಿಟ್ಟಿತ್ತು.

ಜೋಯಿಡಾದಲ್ಲಿ ಉಳಿದು ಮರುದಿನ ಅಣಶಿ ಕಡೆಯ ಆ ವಾಡೆ ಮುಟ್ಟಿದೆವು. ನಾಲ್ಕು ಸಿದ್ದಿ ಮನೆಗಳು, ಅಷ್ಟೇ ಕುಣಬಿ ಮನೆಗಳು; ಎರಡೂ ಕಾಡಿನ ಸಮುದಾಯಗಳು. ಕೂಸು ತೀರಿಕೊಂಡ ಮನೆಯ ಅಂಗಳದಲ್ಲೇ ಗಂಟು ಬಿಚ್ಚಿ ಹರವಿದೆವು. ಆ ಕೂಸಿನ ಅಜ್ಜಿ, ಎತ್ತರದ ಸಿದ್ದಿ ಹೆಂಗಸು, ಬಂದು ನಿಂತು ಬಹಳ ಹೊತ್ತು ನೋಡಿದಳು. ಒಂದನ್ನೂ ಮುಟ್ಟಲಿಲ್ಲ.

"ನಕಾ ಬಾಯಿ," ಅಂದಳು. ಬೇಡ ಎನ್ನುವ ಕೊಂಕಣಿ ಮಾತು. ಆಮೇಲೆ ನಮಗೆ ತಿಳಿಯಲೆಂದು ಕನ್ನಡದಲ್ಲಿ ನಿಧಾನವಾಗಿ ಹೇಳಿದಳು: "ಇವೆಲ್ಲ ಯಾರ್ಯಾರ ಮೈಮ್ಯಾಲಿಂದು? ನಮ್ಮ ಕೂಸು ಭೂಮಿಗೆ ಬರೂ ದಿನಾನ ಬ್ಯಾರೇದವರು ಬಿಟ್ಟ ಅರಿವ್ಯಾಗ ಯಾಕ ಇರಬೇಕು? ಇಷ್ಟು ದೂರ ಹೋಗಿ ಎಲ್ಲಾರನ್ನೂ ಕೇಳಿ ಬಂದಿ. ನಮ್ಮನ್ನ ಕೇಳಿದ್ಯಾ ನೀ?"

ನನಗೆ ಸಿಟ್ಟು ಬಂತು. ಮೊಣಕೈಯ ಗಾಯ ಇನ್ನೂ ಒಣಗಿರಲಿಲ್ಲ. ಕುಸುಮಾಳ ಕಣ್ಣಲ್ಲಿ ನೀರಿತ್ತು. ಬಾಯಿಯವರು ಈಗ ಈ ಮುದುಕಿಗೆ ತಕ್ಕ ಉತ್ತರ ಕೊಡುತ್ತಾರೆ ಎಂದು ಕಾದೆ. ಅವರ ಮುಖ ಕೆಂಪಾಗಿತ್ತು. ಅಂಗಳದ ಮಣ್ಣಿನಲ್ಲಿ, ಬಿಳಿ ಸೀರೆಯಲ್ಲೇ, ಆ ಅಜ್ಜಿಯ ಕಾಲ ಹತ್ತಿರ ಕೂತುಬಿಟ್ಟರು.

"ಕೇಳಲಿಲ್ಲಬೇ. ಕೇಳಬೇಕಿತ್ತು. ತಪ್ಪಾತು ನಂದು."

ವಾಡೆಯ ಮಂದಿಯೆಲ್ಲ ನಿಂತಿದ್ದರು. ನಾವು ಮೂವರು ಹುಡುಗಿಯರಿದ್ದೆವು. ದೊಡ್ಡವರು, ಅದರಲ್ಲೂ ಸರಕಾರದ ಕೆಲಸದವರು, ನಾಲ್ಕು ಜನರ ಎದುರಿಗೆ ಹಾಗೆ ಅಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನೆಪ ಹೇಳಲಿಲ್ಲ, ಎಷ್ಟು ಕಷ್ಟಪಟ್ಟು ತಂದೆವೆಂದು ಹೇಳಲಿಲ್ಲ. ಅಜ್ಜಿಯೂ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಈಗ ಹೇಳು, ಏನು ಮಾಡೋಣ ಎಂದು ಬಾಯಿಯವರು ಕೇಳಿದರು.

ಅಜ್ಜಿ ಒಳಗಿನಿಂದ ತನ್ನ ಕವಂದಿ ತಂದು ತೋರಿಸಿದಳು. ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಸುತ್ತಲಿಂದ ಒಳಮುಖವಾಗಿ ಹೊಲಿಯುತ್ತ ಹೋದ ದಪ್ಪ ಕೌದಿ. ನಾಲ್ಕು ಮೂಲೆಗೆ ಮಡಚಿ ಹೊಲಿದ ಚಿಕ್ಕ ಹೂವು. ಅದಿಲ್ಲದಿದ್ದರೆ ಕವಂದಿ ಬರಿಮೈಯಲ್ಲಿ ಇದ್ದ ಹಾಗಂತೆ. ದೊಡ್ಡವರಿಗೆ ಹೊಲಿದದ್ದು ಎಳೆಗೂಸಿಗೆ ಭಾರ, ಈ ಸಲ ಸೊಸೆಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು, ಕೂಸಿಗೆಂದು ಹೊಲಿಯಲು ದಾರ ಇರಲಿಲ್ಲ ಎಂದಳು. ಆಮೇಲೆ ಅವಳೇ ಒಂದು ದಾರಿ ಹೇಳಿದಳು. ಅರಿವೆ ಇಲ್ಲೇ ಇರಲಿ. ದಾರ, ಸೂಜಿ ತಂದುಕೊಡು. ನಾವು ನಮ್ಮ ಕೈಯಿಂದ ಕೂಸುಗಳ ಕವಂದಿ ಹೊಲಿಯುತ್ತೇವೆ, ಆಗ ಅದು ನಮ್ಮದು. ಆದರೆ ನಮ್ಮ ವಾಡೆಗೆ ಮಾತ್ರ ಅಲ್ಲ. ನಿನ್ನ ದವಾಖಾನೆಯಲ್ಲಿ ಹುಟ್ಟುವ ಕೂಸುಗಳಿಗೂ ಒಯ್ಯಬೇಕು.

"ಕೊಡೂದು ನಮಗೂ ಬರ್ತದ ಬಾಯಿ," ಅಂದಳು.

ಆ ಚಳಿಗಾಲ ಮುಗಿಯುವವರೆಗೆ ಬಾಯಿಯವರು ವಾರಕ್ಕೊಮ್ಮೆ ದಾರ ಒಯ್ದು ಕವಂದಿ ತಂದರು; ಎಷ್ಟೋ ಸಲ ನಾವೂ ಹೋದೆವು. ಗಿರಣಿಯ ಸಾಲುಮನೆಗಳಲ್ಲಿ ಹುಟ್ಟಿದ ಕೂಸುಗಳು, ಟೇಲರನ ಓಣಿಯ ಕೂಸುಗಳು, ಒಬ್ಬ ಸಾಹೇಬರ ಮೊಮ್ಮಗಳೂ, ಆ ಕಾಡಿನ ಹೆಂಗಸರು ಹೊಲಿದ ಕವಂದಿಯಲ್ಲೇ ಮಲಗಿದವು. ಆ ವಾಡೆಯಲ್ಲಿ ಆಮೇಲೆ ಹುಟ್ಟಿದ ಎರಡೂ ಕೂಸುಗಳು ಉಳಿದವು. ಕವಂದಿಯಿಂದ ಉಳಿದವೋ, ದಿನ ಹತ್ತಿರ ಬಂದಾಗ ಬಾಯಿಯವರು ಅಲ್ಲಿಯೇ ಹೋಗಿ ಇರುತ್ತಿದ್ದುದರಿಂದಲೋ, ಹೇಳಲಾರೆ. ಕೇಳಿದರೆ ಅವರು ಅಜ್ಜಿಯ ಹೆಸರನ್ನೇ ಹೇಳುತ್ತಿದ್ದರು.

ಮುಂದಿನ ವರ್ಷ ಗಣಿತ ಪಾಸಾಯಿತು. ತರಬೇತಿ ಮುಗಿಸಿದ ಮೇಲೆ ಹಳಿಯಾಳದ ಹತ್ತಿರದ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಒಮ್ಮೆ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳನ್ನು ಸುಳ್ಳು ಹೇಳಿದಳೆಂದು ಎಲ್ಲರ ಮುಂದೆ ಬೈದೆ. ಸಂಜೆಗೆ ಗೊತ್ತಾಯಿತು, ಅವಳು ಹೇಳಿದ್ದು ನಿಜ. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಮುಂದೆಯೇ ಅವಳ ಹತ್ತಿರ ಹೋಗಿ ನಿಂತೆ. ತಪ್ಪು ನನ್ನದು ಎಂಬ ಎರಡು ಮಾತಿಗೆ ಎರಡು ಸಲ ಮೊದಲಿನಿಂದ ಶುರುಮಾಡಬೇಕಾಯಿತು. ಬಾಯಿಯವರಿಗೆ ಅಂದು ಅಂಗಳದಲ್ಲಿ ಹೇಗಾಗಿತ್ತು ಅನ್ನುವುದು ಆಗ ತಿಳಿಯಿತು. ಹೊರಗಿನಿಂದ ನೋಡಿದವಳಿಗೆ ಅದು ಸುಲಭವಾಗಿ ಕಂಡಿತ್ತು.

ಬಾಯಿಯವರಿಗೆ ವರ್ಗವಾಯಿತು, ನಿವೃತ್ತರಾಗಿ ಧಾರವಾಡದಲ್ಲಿ ತಮ್ಮನ ಮನೆ ಸೇರಿದರು. ಹಬ್ಬಕ್ಕೊಂದು ಕಾರ್ಡು ಬರೆಯುತ್ತಿದ್ದರು. ಅವರು ತೀರಿಕೊಂಡ ಸುದ್ದಿ ತಲುಪಿದಾಗ ಮಣ್ಣು ಮುಗಿದು ಮೂರು ದಿನವಾಗಿತ್ತು. ಜುಬೇದಾ, ಕುಸುಮಾ, ನಾನು ಕೂಡಿ ಹೋದೆವು. ತಮ್ಮನೂ ಮುದುಕರಾಗಿದ್ದರು. ಯಾರು ನೀವು ಎಂದು ಕೇಳಿದರು. ಹೇಳಿದೆವು. ಅವರಿಗೆ ಏನೂ ಗೊತ್ತಿರಲಿಲ್ಲ. ಅಕ್ಕ ಎಲ್ಲೋ ಕಾಡಿನಲ್ಲಿ ಸೂಜಿ ಮಾಡುವ, ಅಂದರೆ ಇಂಜೆಕ್ಷನ್ ಕೊಡುವ, ಕೆಲಸದಲ್ಲಿದ್ದಳು ಎಂದಷ್ಟೇ ತಿಳಿದಿದ್ದರು.

ನಾವು ಮೂವರೂ ಒಬ್ಬರ ಮಾತು ಒಬ್ಬರು ಎತ್ತಿಕೊಂಡು ಎಲ್ಲವನ್ನೂ ಹೇಳಿದೆವು. ಅವರ ಸೊಸೆ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಮಕ್ಕಳು ಬಂದು ಕೂತರು.

"ಒಂದ್ ಮಾತೂ ಹೇಳಲಿಲ್ಲರಿ ಆಕಿ ನಮಗ," ಅಂದರು ತಮ್ಮ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, ನಮ್ಮ ಕಡೆಗೆ ಸರಿದು ಕೂತರು. "ಮೊದಲಿಂದ ಇನ್ನೊಮ್ಮೆ ಹೇಳ್ರಿ."

ಮೊದಲಿನಿಂದ ಮತ್ತೆ ಹೇಳತೊಡಗಿದೆವು.